ಗರ್ಭಕ್ಕೆ ಹಾನಿ ಮಾಡುವ ಔಷಧಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಔಷಧ ಅಂಗಡಿ ನಡೆಸುವ ನನಗೆ, ಮೊಬೈಲ್‌ನಲ್ಲಿ ತರಿಸಿಕೊಂಡ ಗುಳಿಗೆಯ ಪಟ್ಟಿಯನ್ನು (ಸ್ಟ್ರಿಪ್) ತಂದು ತೋರಿಸಿ ‘ಇದನ್ನು ತೆಗೆದುಕೊಳ್ಳಬಹುದೇ’ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರು ಕೇಳಿದ ಪ್ರಶ್ನೆಗಳನ್ನೂ, ಕೇಳಬೇಕಾಗಿದ್ದು ಸಂಕೋಚದಿಂದ ಕೇಳದೆ ಉಳಿದ ಕೆಲವನ್ನೂ ಇಲ್ಲಿ ಸೇರಿಸಿದ್ದೇನೆ.

ಗರ್ಭಕ್ಕೆ ಹಾನಿ ಮಾಡುವ ಔಷಧಗಳು ಎಂದರೆ ಯಾವುವು? ವಿಷದಂಥವೇ?

ಅಲ್ಲ. ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಔಷಧಗಳು, ಬೇರೊಂದು ಕಾಯಿಲೆಗೆ ಜೀವ ಉಳಿಸುವಂಥವು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್, ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದವು ಈ ಸಾಲಿಗೆ ಸೇರುತ್ತವೆ. ಬಸುರಿಯಲ್ಲದ ಹೆಣ್ಣುಮಗಳಿಗೆ ಇವುಗಳಿಂದ ಆಗುವ ಉಪಕಾರ ದೊಡ್ಡದು. ಅದೇ ಗುಳಿಗೆ ಅದೇ ಹೆಣ್ಣುಮಗಳ ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮಗುವಿನ ಹೃದಯ, ಮೆದುಳು, ಮುಖ ಅಥವಾ ಮೂತ್ರಪಿಂಡವನ್ನು ಕೆಡಿಸಬಲ್ಲದು. ಆದ್ದರಿಂದ ಇವುಗಳನ್ನು ಕೊಡುವ ಮೊದಲು ‘ಮುಟ್ಟು ಯಾವಾಗ ಆಗಿತ್ತು? ಮಕ್ಕಳ ಯೋಚನೆ ಇದೆಯೇ?’ ಎಂದು ಒಬ್ಬರು ಎದುರಿಗೆ ಕುಳಿತು ಕೇಳಲೇಬೇಕು. ಆನ್‌ಲೈನ್ ವ್ಯಾಪಾರದಲ್ಲಿ ಬಿಟ್ಟುಹೋಗುವುದು ಮುಖ್ಯವಾಗಿ ಈ ಒಂದು ಪ್ರಶ್ನೆಯೇ.

ಮೊಡವೆಯ ಗುಳಿಗೆಗೆ ಇಷ್ಟೊಂದು ಹೆದರಬೇಕೇ?

ಹೆದರಬೇಕು. ಈ ಪುಟದಲ್ಲಿ ನೀವು ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಕಳೆದ ಬೇಸಿಗೆಯಲ್ಲಿ, ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತನ್ನ ಚಿಕ್ಕಮ್ಮನೊಂದಿಗೆ ಅಂಗಡಿಗೆ ಬಂದಿದ್ದಳು. ಬೇಕಾಗಿದ್ದುದು ತುಟಿ ಒಡೆದಿದ್ದಕ್ಕೆ ಮುಲಾಮು. ತುಟಿಯ ಎರಡೂ ಅಂಚಿನಲ್ಲಿ ಸಿಪ್ಪೆ ಎದ್ದಿತ್ತು, ಮೂಗಿನ ಹೊಳ್ಳೆ ಒಣಗಿ ಕೆಂಪಾಗಿತ್ತು. ಬಿಸಿಲಿಗೆ ಹೀಗಾಗಿದೆ ಎಂದು ಚಿಕ್ಕಮ್ಮ ಹೇಳಿದರು. ನಮ್ಮ ಕಡೆಯ ಬಿಸಿಲು ಇಂಥದ್ದನ್ನೆಲ್ಲ ಮಾಡುವುದು ನಿಜವೇ, ಆದರೆ ಆ ಎರಡು ಗುರುತುಗಳನ್ನು ಒಟ್ಟಿಗೆ ಕಂಡರೆ ಔಷಧ ಅಂಗಡಿಯವನಿಗೆ ಬೇರೆಯದೇ ಅನುಮಾನ ಬರುತ್ತದೆ. ಮುಖಕ್ಕೆ ಏನಾದರೂ ಗುಳಿಗೆ ನುಂಗುತ್ತಿದ್ದೀಯೇನಮ್ಮಾ ಎಂದು ಕೇಳಿದಾಗ ಚೀಲದಿಂದ ಒಂದು ಪಟ್ಟಿ ಹೊರಬಂತು: ಐಸೊಟ್ರೆಟಿನಾಯಿನ್, 20 ಮಿಲಿಗ್ರಾಂ. ಗೆಳತಿಗೆ ವೈದ್ಯರು ಬರೆದುಕೊಟ್ಟ ಚೀಟಿಯ ಫೋಟೊ ಹಾಕಿ ತರಿಸಿದ್ದಳಂತೆ. ಮದುವೆಗೆ ಇನ್ನು ಹದಿನೆಂಟು ದಿನಗಳಿದ್ದವು. ಮದುವೆಯಾದ ಮೇಲೂ ಮುಖ ಚೆನ್ನಾಗಿರಲಿ ಎಂದು ಎರಡು ತಿಂಗಳಿಗೆ ಸಾಕಾಗುವಷ್ಟನ್ನು ಒಟ್ಟಿಗೇ ಕೊಂಡಿಟ್ಟಿದ್ದಳು.

ಈ ಔಷಧವನ್ನು ಗರ್ಭದ ಮೊದಲ ವಾರಗಳಲ್ಲಿ ತೆಗೆದುಕೊಂಡ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 20ರಿಂದ 35 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ನ್ಯೂನತೆಗಳಿರುತ್ತವೆ. ಹೊರಕಿವಿ ಬೆಳೆಯದಿರುವುದು, ಸೀಳಂಗಳ, ಹೃದಯದ ದೋಷ, ಮೆದುಳಿನಲ್ಲಿ ನೀರು ತುಂಬುವುದು ಅವುಗಳಲ್ಲಿ ಕೆಲವು. ನೋಡುವುದಕ್ಕೆ ಚೆನ್ನಾಗಿ ಹುಟ್ಟಿದ ಮಗುವಿನ ಬುದ್ಧಿ ಬೆಳವಣಿಗೆಯೂ ಕುಂಠಿತವಾಗಬಹುದು. ಗರ್ಭಪಾತದ ಸಾಧ್ಯತೆಯೂ ಹೆಚ್ಚುತ್ತದೆ. ಇಷ್ಟು ಕಡಿಮೆ ಪ್ರಮಾಣದಿಂದ ಅಪಾಯವಿಲ್ಲ, ಇಷ್ಟೇ ದಿನ ತೆಗೆದುಕೊಂಡರೆ ಅಪಾಯವಿಲ್ಲ ಎಂಬ ಮಿತಿ ಇದಕ್ಕಿಲ್ಲ. ಅಮೆರಿಕದಲ್ಲಿ 1982ರಲ್ಲಿ ಮಾರಾಟಕ್ಕೆ ಬಂದ ಈ ಔಷಧಕ್ಕೆ ಅಲ್ಲಿ 2006ರಿಂದ ‘ಐಪ್ಲೆಡ್ಜ್’ ಎಂಬ ಕಡ್ಡಾಯ ನೋಂದಣಿ ವ್ಯವಸ್ಥೆ ಇದೆ. ಬಸುರಾಗಬಲ್ಲ ಹೆಣ್ಣುಮಕ್ಕಳು ಅದರಲ್ಲಿ ಹೆಸರು ಬರೆಸಿ, ಗರ್ಭವಿಲ್ಲವೆಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡ ಮೇಲಷ್ಟೇ ಔಷಧ ಸಿಗುತ್ತದೆ. ಗುಳಿಗೆ ಶುರುಮಾಡುವ ಒಂದು ತಿಂಗಳ ಮೊದಲಿನಿಂದ ಹಿಡಿದು ನಿಲ್ಲಿಸಿದ ಒಂದು ತಿಂಗಳ ನಂತರದವರೆಗೂ ಗರ್ಭನಿರೋಧಕ ಬಳಸಬೇಕು. ಗುಳಿಗೆ ನುಂಗುವಷ್ಟು ಕಾಲ ಮತ್ತು ನಿಲ್ಲಿಸಿದ ಒಂದು ತಿಂಗಳವರೆಗೆ ರಕ್ತದಾನವನ್ನೂ ಮಾಡಬಾರದು, ಏಕೆಂದರೆ ಆ ರಕ್ತ ಒಬ್ಬ ಬಸುರಿಗೆ ಹೋಗಬಹುದು.

ಆ ಹುಡುಗಿಗೆ ಇದಾವುದನ್ನೂ ಯಾರೂ ಹೇಳಿರಲಿಲ್ಲ. ಪಟ್ಟಿಯ ಬೆನ್ನಿನ ಮೇಲೆ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ.

ಪಟ್ಟಿಯ ಮೇಲೆ ಬಸುರಿಯ ಚಿತ್ರಕ್ಕೆ ಅಡ್ಡಗೆರೆ ಎಳೆದಿರುತ್ತಾರಲ್ಲ, ಅದರ ಅರ್ಥ ಏನು?

ಬಸುರಿಯರು ಇದನ್ನು ತೆಗೆದುಕೊಳ್ಳಲೇಬಾರದು ಎಂದರ್ಥ. ಗರ್ಭ ನಿಲ್ಲದಂತೆ ತಡೆಯುವ ಗುಳಿಗೆ ಎಂದಾಗಲಿ, ನಿಂತ ಗರ್ಭವನ್ನು ಇಳಿಸುವ ಗುಳಿಗೆ ಎಂದಾಗಲಿ ಅರ್ಥವಲ್ಲ. ಬ್ರೆಜಿಲ್ ದೇಶದಲ್ಲಿ ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಥ್ಯಾಲಿಡೋಮೈಡ್ ಪೊಟ್ಟಣದ ಮೇಲಿನ ಇಂಥದೇ ಚಿತ್ರವನ್ನು ಕೆಲವರು ಗರ್ಭ ಇಳಿಸುವ ಔಷಧವೆಂದು ತಿಳಿದದ್ದು ದಾಖಲಾಗಿದೆ. ಚಿತ್ರವೇ ತಪ್ಪಾಗಿ ಓದಿಸಿಕೊಳ್ಳುವಾಗ ಅಕ್ಷರವನ್ನು ನಂಬಿ ಕುಳಿತರೆ ಹೇಗೆ? ಬಾಯಿಬಿಟ್ಟು ಹೇಳುವವರು ಬೇಕು.

ಮುಟ್ಟು ನಿಂತ ಕೂಡಲೇ ಗುಳಿಗೆ ನಿಲ್ಲಿಸಿದರೆ ಸಾಲದೇ?

ಬಹಳಷ್ಟು ಸಲ ಸಾಲುವುದಿಲ್ಲ. ಮಗುವಿನ ಅಂಗಗಳು ರೂಪುಗೊಳ್ಳುವುದು ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ. ಮುಟ್ಟು ತಪ್ಪಿತೆಂದು ತಿಳಿದು, ನಾಲ್ಕು ದಿನ ನೋಡೋಣವೆಂದು ಕಾದು, ಪರೀಕ್ಷೆ ಮಾಡಿಕೊಳ್ಳುವ ಹೊತ್ತಿಗೆ ಆ ಕೆಲಸ ಆಗಲೇ ಶುರುವಾಗಿರುತ್ತದೆ. ಥ್ಯಾಲಿಡೋಮೈಡ್ ಕಲಿಸಿದ ಪಾಠವೂ ಇದೇ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಗೆಂದು ಮಾರಾಟಕ್ಕೆ ಬಂದ ಆ ಗುಳಿಗೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಯಲ್ಲಿ ಹಿಂತೆಗೆದುಕೊಳ್ಳುವ ವೇಳೆಗೆ ಹಲವು ದೇಶಗಳಲ್ಲಿ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಮತ್ತು ಇತರ ಅಂಗಗಳ ದೋಷದೊಂದಿಗೆ ಹುಟ್ಟಿದ್ದರು. ಹಾನಿಯಾಗಲು ಗರ್ಭ ಕಟ್ಟಿದ ಸುಮಾರು 20ನೆಯ ದಿನದಿಂದ 36ನೆಯ ದಿನದೊಳಗೆ ನುಂಗಿದ್ದೇ ಸಾಕಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗದಂತೆ ತಡೆದವರು ಔಷಧ ಇಲಾಖೆಯ ವೈದ್ಯಾಧಿಕಾರಿ ಫ್ರಾನ್ಸಿಸ್ ಕೆಲ್ಸಿ. ಕೊಟ್ಟ ಪುರಾವೆ ಸಾಲದೆಂದು ಆಕೆ ಕಡತವನ್ನು ಮತ್ತೆ ಮತ್ತೆ ಹಿಂದಿರುಗಿಸಿದರು.

ಕೆಲವು ಔಷಧಗಳು ನಿಲ್ಲಿಸಿದ ಮೇಲೂ ಮೈಯಲ್ಲಿ ಉಳಿಯುತ್ತವೆ. ಅಸಿಟ್ರೆಟಿನ್ ನಿಲ್ಲಿಸಿದ ಮೇಲೆ ಮೂರು ವರ್ಷ ಗರ್ಭ ಧರಿಸಬಾರದು. ಲೆಫ್ಲುನೊಮೈಡ್ ಕೂಡ ಬೇಗ ಬಿಟ್ಟುಹೋಗುವುದಿಲ್ಲ. ಅದನ್ನು ಹೊರಹಾಕಲು ಬೇರೆ ಔಷಧವನ್ನೇ ಕೊಡಬೇಕಾಗುತ್ತದೆ.

ಆನ್‌ಲೈನ್ ಅಂಗಡಿಯವರೂ ಚೀಟಿ ಕೇಳುತ್ತಾರಲ್ಲ? ಮತ್ತೇನು ತೊಂದರೆ?

ಕೆಲವರು ಕೇಳುತ್ತಾರೆ, ಸರಿಯಾಗಿ ಪರಿಶೀಲಿಸುವವರೂ ಇದ್ದಾರೆ. ಆದರೆ ಹಳೆಯ ಚೀಟಿಯ ಫೋಟೊ, ಬೇರೊಬ್ಬರ ಹೆಸರಿನ ಚೀಟಿ, ಅರ್ಧ ಮಡಚಿ ತಾರೀಖು ಮರೆಯಾದ ಚೀಟಿ ಇವೆಲ್ಲ ದಾಟಿಹೋಗಿರುವುದನ್ನು ನಾನು ಕಂಡಿದ್ದೇನೆ. ಚೀಟಿ ಇಲ್ಲದವರಿಗೆ ‘ನಮ್ಮ ವೈದ್ಯರು ಕರೆ ಮಾಡುತ್ತಾರೆ’ ಎನ್ನುವ ಏರ್ಪಾಡೂ ಇದೆ. ಆ ಕರೆ ಎರಡು ನಿಮಿಷಕ್ಕೆ ಮುಗಿಯುವುದುಂಟು, ಬಾರದೇ ಚೀಟಿ ಮಾತ್ರ ಬರುವುದೂ ಉಂಟು. ಕರೆ ಬಂದರೂ, ಅತ್ತೆ ಮಾವ ಕುಳಿತ ಪಡಸಾಲೆಯಲ್ಲಿ ನಿಂತು ಹೊಸ ಸೊಸೆ ತನ್ನ ಮುಟ್ಟಿನ ಲೆಕ್ಕವನ್ನು ಹೇಗೆ ಹೇಳಿಯಾಳು? ‘ನೀವು ಗರ್ಭಿಣಿಯೇ?’ ಎಂಬ ಪ್ರಶ್ನೆ ಪರದೆಯ ಮೇಲೆ ಬಂದರೆ ‘ಅಲ್ಲ’ ಎಂಬ ಚೌಕಕ್ಕೆ ಗುರುತು ಹಾಕುವ ಬೆರಳು ಸಾಮಾನ್ಯವಾಗಿ ಆಕೆಯದಾಗಿರುವುದಿಲ್ಲ, ಮೈದುನನದೋ ತಮ್ಮನದೋ ಆಗಿರುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೀದಿಯ ಅಂಗಡಿಗಳಲ್ಲೂ ಚೀಟಿ ನೋಡದೆ ಕೊಡುವವರು ಇದ್ದಾರೆ. ಆ ತಪ್ಪನ್ನು ಮುಚ್ಚಿಟ್ಟು ಆನ್‌ಲೈನ್‌ನವರ ಮೇಲೆ ಮಾತ್ರ ಬೆರಳು ತೋರುವುದು ನನಗೆ ಸರಿಕಾಣುವುದಿಲ್ಲ. ಆದರೆ ಎದುರಿಗೆ ನಿಂತವರ ತುಟಿ ಒಡೆದಿರುವುದು ಅಂಗಡಿಯವನಿಗೆ ಕಾಣುತ್ತದೆ, ಮೊಬೈಲ್‌ಗೆ ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ?

1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಹಾಗೂ 1945ರ ನಿಯಮಗಳ ಪ್ರಕಾರ, ‘ಶೆಡ್ಯೂಲ್ ಎಚ್’ ಪಟ್ಟಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ, ಮತ್ತು ಮಾರಾಟ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಆ ನಿಯಮಗಳನ್ನು ಬರೆದಾಗ ಆನ್‌ಲೈನ್ ವ್ಯಾಪಾರ ಇರಲಿಲ್ಲ. ಅದಕ್ಕೆಂದೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಪ್ರತ್ಯೇಕ ಕರಡು ನಿಯಮಗಳನ್ನು ಹೊರಡಿಸಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಪರವಾನಗಿಯಿಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ನೀಡಿತು; ಕರಡು ಮಾತ್ರ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮನೆಬಾಗಿಲಿಗೆ ಔಷಧ ತಲುಪಿಸಲು ಅನುಮತಿ ಸಿಕ್ಕಿತಾದರೂ ಅದು ಪರವಾನಗಿಯಿರುವ ಅಂಗಡಿಗಳಿಗೆ, ಚೀಟಿಯ ಆಧಾರದ ಮೇಲೆ ಮಾತ್ರ. ಆದ್ದರಿಂದ ಬಿಲ್ಲಿನ ಮೇಲೆ ಔಷಧ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇಲ್ಲದಿದ್ದರೆ ಆ ಪೊಟ್ಟಣವನ್ನು ಒಡೆಯಬೇಡಿ.

ಫಿಟ್ಸ್ ಗುಳಿಗೆ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಓದಿ ಹೆದರಿಕೆಯಾಗಿದೆ, ನಿಲ್ಲಿಸಲೇ?

ದಯವಿಟ್ಟು ನೀವೇ ನಿಲ್ಲಿಸಬೇಡಿ. ಮೂರ್ಛೆರೋಗದ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಕುತ್ತಾಗಬಹುದು. ವಾಲ್ಪ್ರೊಯೇಟ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಬೆನ್ನುಹುರಿ, ಹೃದಯ ಮುಂತಾದವುಗಳ ಹುಟ್ಟುದೋಷ ಇರುತ್ತದೆ, ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಕಲಿಕೆ ಮತ್ತು ಬೆಳವಣಿಗೆಯ ತೊಂದರೆ ಕಾಣಿಸಬಹುದು ಎಂಬುದು ನಿಜ. ಇದಕ್ಕೆ ಪರಿಹಾರವೆಂದರೆ ಗರ್ಭ ಧರಿಸುವ ಮೊದಲೇ ನರರೋಗ ತಜ್ಞರನ್ನು ಕಂಡು, ಸಾಧ್ಯವಿದ್ದರೆ ಬೇರೆ ಗುಳಿಗೆಗೆ ನಿಧಾನವಾಗಿ ಬದಲಾಗುವುದು, ಫೋಲಿಕ್ ಆಮ್ಲವನ್ನು ಮೊದಲೇ ಶುರುಮಾಡುವುದು.

ಆನ್‌ಲೈನ್‌ನಲ್ಲಿ ಇಲ್ಲಿ ಎದುರಾಗುವ ತೊಂದರೆ ಬೇರೆ ಬಗೆಯದು. ಹದಿನೈದನೆಯ ವಯಸ್ಸಿನಲ್ಲಿ ಬರೆದುಕೊಟ್ಟ ಗುಳಿಗೆಯನ್ನು ‘ಮತ್ತೆ ತರಿಸಿ’ ಎಂಬ ಗುಂಡಿ ಒತ್ತಿ ಒತ್ತಿ ಇಪ್ಪತ್ಮೂರನೆಯ ವಯಸ್ಸಿನವರೆಗೆ ತರಿಸಿಕೊಳ್ಳುತ್ತಾರೆ. ಆ ಎಂಟು ವರ್ಷಗಳಲ್ಲಿ ಹುಡುಗಿಗೆ ಮದುವೆಯಾಗಿರುತ್ತದೆ. ಗುಂಡಿಗೆ ಅದು ಗೊತ್ತಿಲ್ಲ. ರಕ್ತದೊತ್ತಡದ ಗುಳಿಗೆಗಳ ಕಥೆಯೂ ಇದೇ: ಎನಲಾಪ್ರಿಲ್, ಟೆಲ್ಮಿಸಾರ್ಟನ್ ಬಗೆಯವನ್ನು ನಾಲ್ಕನೆಯ ತಿಂಗಳಿನಾಚೆಗೂ ಮುಂದುವರಿಸಿದರೆ ಮಗುವಿನ ಮೂತ್ರಪಿಂಡ ಕೆಲಸ ಮಾಡದೆ ಗರ್ಭದ ನೀರು ಬತ್ತಬಹುದು. ಬಸುರಿಯರಿಗೆ ಕೊಡಬಹುದಾದ ಬೇರೆ ಬಿಪಿ ಗುಳಿಗೆಗಳು ಇವೆ.

ಗರ್ಭಪಾತದ ಮಾತ್ರೆಯನ್ನು ಯಾರಿಗೂ ತಿಳಿಯದಂತೆ ತರಿಸಿಕೊಂಡರೆ ಏನಾಗುತ್ತದೆ?

ಈ ಪ್ರಶ್ನೆ ಯಾವಾಗಲೂ ‘ನನ್ನ ಗೆಳತಿಗೆ’ ಎಂದೇ ಬರುತ್ತದೆ. ಯಾರಿಗೇ ಆಗಲಿ, ಉತ್ತರ ಒಂದೇ.

ಗರ್ಭಪಾತದ ಮಾತ್ರೆಗಳಾದ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಸರಿಯಾದ ಕಾಲದಲ್ಲಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಸುರಕ್ಷಿತವೇ. ನಮ್ಮ ದೇಶದಲ್ಲಿ ಒಂಬತ್ತು ವಾರಗಳವರೆಗೆ ಮಾತ್ರೆಯ ಮೂಲಕ ಗರ್ಭಪಾತ ಮಾಡಲು ಅವಕಾಶವಿದೆ. ತೊಂದರೆ ಆಗುವುದು ಮೂರು ಕಡೆ. ಒಂದು, ಗರ್ಭ ಎಷ್ಟು ವಾರದ್ದು ಎಂಬ ಲೆಕ್ಕ ತಪ್ಪುವುದು. ವಾರಗಳು ಹೆಚ್ಚಿದಷ್ಟೂ ಅರ್ಧಮರ್ಧ ಗರ್ಭಪಾತವಾಗಿ ರಕ್ತಸ್ರಾವ ನಿಲ್ಲದಿರುವ ಸಾಧ್ಯತೆ ಹೆಚ್ಚು. ಎರಡು, ನೂರು ಗರ್ಭಗಳಲ್ಲಿ ಒಂದೆರಡು ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತಿರುತ್ತವೆ; ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ. ಮಾತ್ರೆಯಿಂದಲೇ ಹೊಟ್ಟೆನೋವು ಎಂದು ಮನೆಯಲ್ಲಿ ಕಾಯುತ್ತಾ ಕುಳಿತಿರುವಾಗ ನಳಿಕೆ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಮೂರು, ಮಾತ್ರೆ ವಿಫಲವಾಗಿ ಗರ್ಭ ಮುಂದುವರಿದರೆ, ಮಿಸೊಪ್ರೊಸ್ಟಾಲ್‌ನಿಂದ ಮಗುವಿನ ಮುಖದ ನರಗಳಿಗೂ ಕೈಕಾಲುಗಳಿಗೂ ದೋಷ ಬರಬಹುದು.

ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ನೆನೆಯುವಂತೆ ಸತತ ಎರಡು ಗಂಟೆ ರಕ್ತ ಹೋದರೆ, ತಲೆಸುತ್ತಿ ಬಿದ್ದರೆ, ಹೆಗಲಿನಲ್ಲಿ ನೋವು ಕಾಣಿಸಿದರೆ, ಜ್ವರ ಅಥವಾ ದುರ್ವಾಸನೆಯ ಸ್ರಾವ ಇದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಏನು ನುಂಗಿದಿರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿಯ ನಂತರ ಆಕೆಯ ಹೆಸರು ವಿವರ ಬಯಲು ಮಾಡುವುದು ಶಿಕ್ಷಾರ್ಹ. ಗುಟ್ಟು ಉಳಿಯಬೇಕೆಂದೇ ಆನ್‌ಲೈನ್‌ಗೆ ಹೋಗುವವರು ಇದನ್ನು ತಿಳಿದಿರಬೇಕು. ಪೊಟ್ಟಣ ತಲುಪಿಸುವ ಹುಡುಗ ಓಣಿಯಲ್ಲಿ ಹೆಸರು ಹಿಡಿದು ಕೂಗುವುದಕ್ಕಿಂತ ಸರ್ಕಾರಿ ಆಸ್ಪತ್ರೆಯ ಕೋಣೆಯಲ್ಲಿ ಗುಟ್ಟು ಹೆಚ್ಚು ಉಳಿಯುತ್ತದೆ.

ನಮ್ಮ ಕಡೆಯ ಬಿಸಿಲಿಗೆ ದಾರಿಯಲ್ಲೇ ಔಷಧ ಕೆಡುವುದಿಲ್ಲವೇ?

ಕೆಡಬಹುದು. ಬಹಳಷ್ಟು ಗುಳಿಗೆಗಳನ್ನು 25 ಅಥವಾ 30 ಡಿಗ್ರಿ ಒಳಗೆ ಇಡಬೇಕೆಂದು ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲೂ ಬಳ್ಳಾರಿಯಲ್ಲೂ ಪಾದರಸ 40 ದಾಟುತ್ತದೆ. ಬೈಕಿನ ಹಿಂದೆ ಕಟ್ಟಿದ ಕಪ್ಪು ಚೀಲದೊಳಗೆ ಇನ್ನೂ ಹೆಚ್ಚು. ಐಸೊಟ್ರೆಟಿನಾಯಿನ್ ಮೆತ್ತನೆಯ ಕ್ಯಾಪ್ಸೂಲ್ ಆದ್ದರಿಂದ ಒಂದಕ್ಕೊಂದು ಅಂಟಿಕೊಂಡು ಬಂದದ್ದನ್ನು ನೋಡಿದ್ದೇನೆ. ಮಿಸೊಪ್ರೊಸ್ಟಾಲ್ ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ಕತ್ತರಿಸಿದ, ತೂತು ಬಿದ್ದ ಪಟ್ಟಿಯಲ್ಲಿ ಬಂದರೆ ಅದು ವಿಫಲವಾಗುವ ಸಂಭವವಿದೆ.

ಆಸ್ಪತ್ರೆಯ ಔಷಧವನ್ನೇ ನಂಬಲಾಗದಿದ್ದರೆ ಆನ್‌ಲೈನ್ ಏಕೆ ಬೇಡ?

ಬಳ್ಳಾರಿಯ ಕಡೆಯವರು ಇದನ್ನು ಸಿಟ್ಟಿನಿಂದಲೇ ಕೇಳುತ್ತಾರೆ, ಸಿಟ್ಟು ನ್ಯಾಯವಾದದ್ದು. 2024ರ ನವೆಂಬರ್‌ನಲ್ಲಿ ಅಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಕ್ತನಾಳಕ್ಕೆ ಹಾಕಿದ್ದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು, ರಾಜ್ಯ ಸರ್ಕಾರ ಅದರ ಬಳಕೆಯನ್ನೇ ನಿಲ್ಲಿಸಿತು. ಆ ನೋವಿಗೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಆದರೆ ಅದನ್ನು ನಿಲ್ಲಿಸಲು ಸಾಧ್ಯವಾದದ್ದು ಯಾವ ಕಂಪನಿಯದು, ಯಾವ ಬ್ಯಾಚ್‌ನದು, ಎಲ್ಲಿಗೆ ಹೋಗಿದೆ ಎಂಬ ದಾಖಲೆ ಇದ್ದುದರಿಂದ. ಬಿಲ್ಲಿಲ್ಲದೆ, ಬ್ಯಾಚ್ ಭಾಗವನ್ನೇ ಕತ್ತರಿಸಿ ಕಳುಹಿಸಿದ ನಾಲ್ಕು ಗುಳಿಗೆಯಿಂದ ಅನಾಹುತವಾದರೆ ಯಾರನ್ನು ಹಿಡಿಯುತ್ತೀರಿ? ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು.

ಗಂಡಸರು ತೆಗೆದುಕೊಳ್ಳುವ ಗುಳಿಗೆಯಿಂದಲೂ ತೊಂದರೆ ಇದೆಯೇ?

ಕೆಲವುಗಳಿಂದ ಇದೆ. ಕೂದಲು ಉದುರುವುದಕ್ಕೆ ಯುವಕರು ತರಿಸಿಕೊಳ್ಳುವ ಫಿನಾಸ್ಟರೈಡ್ ಗುಳಿಗೆ ಪುಡಿಯಾಗಿದ್ದರೆ ಬಸುರಿಯರು ಅದನ್ನು ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಜನನಾಂಗದ ಬೆಳವಣಿಗೆಗೆ ಧಕ್ಕೆಯಾಗಬಹುದು. ಥ್ಯಾಲಿಡೋಮೈಡ್ ತೆಗೆದುಕೊಳ್ಳುವ ಗಂಡಸರು ಕಾಂಡೋಮ್ ಬಳಸಲೇಬೇಕು. ಮೆಥೊಟ್ರೆಕ್ಸೇಟ್, ಯಕೃತ್ತಿನ ವೈರಸ್ ಸೋಂಕಿಗೆ ಕೊಡುವ ರಿಬಾವಿರಿನ್ ತೆಗೆದುಕೊಳ್ಳುವವರು ಮಕ್ಕಳ ಯೋಚನೆ ಮಾಡುವ ಮೊದಲು ವೈದ್ಯರನ್ನು ಕೇಳಬೇಕು.

ತಿಳಿಯದೆ ತೆಗೆದುಕೊಂಡುಬಿಟ್ಟಿದ್ದೇನೆ, ಈಗ ಬಸುರಿ. ಏನು ಮಾಡಲಿ?

ಮೊದಲು, ಎಲ್ಲವೂ ಮುಗಿದುಹೋಯಿತು ಎಂದುಕೊಳ್ಳಬೇಡಿ. ಔಷಧ ಯಾವುದು, ಎಷ್ಟು, ಗರ್ಭದ ಯಾವ ದಿನಗಳಲ್ಲಿ ಎಂಬುದರ ಮೇಲೆ ಅಪಾಯ ಬದಲಾಗುತ್ತದೆ, ಎಷ್ಟೋ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮೊಡವೆಯ ಗುಳಿಗೆಯಾದರೆ ಇಂದೇ ನಿಲ್ಲಿಸಿ. ಫಿಟ್ಸ್, ಬಿಪಿ, ಹೃದಯದ ಗುಳಿಗೆಯಾದರೆ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕಾಣಿ. ಪಟ್ಟಿ, ಪೆಟ್ಟಿಗೆ, ಬಿಲ್ಲು, ಕೊನೆಯ ಮುಟ್ಟಿನ ತಾರೀಖು, ತಾಯಿ ಕಾರ್ಡ್ ಎಲ್ಲವನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿನ ಸ್ತ್ರೀರೋಗ ವಿಭಾಗದಲ್ಲಿ ಕೇಳಿ, ಐದನೆಯ ತಿಂಗಳ ಹೊತ್ತಿಗೆ ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ. ದೂರದ ಹಳ್ಳಿಯವರು ಮೊದಲು ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. 104ಕ್ಕೆ ಕರೆ ಮಾಡಿ ಸಲಹೆ ಕೇಳಲೂಬಹುದು.

ದೂರು ಕೊಡುವುದು ಎಲ್ಲಿ?

ಔಷಧದಿಂದ ತೊಂದರೆಯಾಗಿದ್ದರೆ ರಾಷ್ಟ್ರೀಯ ಔಷಧ ಜಾಗರೂಕತೆ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಿ. ರೋಗಿಗಳೇ ನೇರವಾಗಿ ವರದಿ ಮಾಡಬಹುದು. ಚೀಟಿಯಿಲ್ಲದೆ ಮಾರಿದ್ದರ ಬಗ್ಗೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗೆ ಬರೆದು ಕೊಡಿ. ಉಳಿದ ಗುಳಿಗೆಗಳನ್ನು ಎಸೆಯದೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಪಟ್ಟಿಯಿಂದ ಗುಳಿಗೆ ಬಿಡಿಸುವಾಗ ಬ್ಯಾಚ್ ಸಂಖ್ಯೆ ಇರುವ ಅಂಚನ್ನು ಕೊನೆಯವರೆಗೂ ಹರಿಯಬೇಡಿ.